ಘಟ್ಟ ಇಳಿಯುವಾಗ ಸೊಂಟನೋವು: ಕಾರಿನ ಸೀಟು ಹೇಗಿರಬೇಕು?

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ ಎಂದಿದ್ದೀರಿ. ತಪ್ಪು ತಿರುವುಗಳದ್ದಲ್ಲ, ಬಹುಶಃ ಸೀಟಿನದು.

ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ಸರಿಪಡಿಸಿಕೊಳ್ಳಿ. ಓಡುವಾಗ ಲಿವರ್ ಎತ್ತಿದರೆ ಸೀಟು ಜಾರಿ, ಬ್ರೇಕು ಕಾಲಿಗೆ ಸಿಗದೆ ಹೋದೀತು. ಸೊಂಟವನ್ನು ಸೀಟೂ ಅದರ ಬೆನ್ನೊರಗೂ ಸೇರುವ ಮೂಲೆಗೆ ಒತ್ತಿ ಕುಳಿತುಕೊಳ್ಳಿ. ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ಕೊಂಚ ಮಡಚಿರಬೇಕು. ಭುಜ ಸೀಟಿಗೆ ತಾಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿನ ಮೇಲೆ ಕೂರಬೇಕು. ಆರಾಮಕುರ್ಚಿಯಲ್ಲಿದ್ದಂತೆ ಒರಗಿ ಓಡಿಸುವವರು ನಮ್ಮಲ್ಲಿ ಬಹಳ. ಪ್ರತಿ ತಿರುವಿಗೂ ಅವರ ಬೆನ್ನು ಸೀಟು ಬಿಟ್ಟು ಏಳುತ್ತದೆ, ನೋವು ಶುರುವಾಗುವುದು ಅಲ್ಲಿಂದಲೇ.

ಎದೆಗೂ ಸ್ಟೀರಿಂಗ್‌ಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ, ಏರ್‌ಬ್ಯಾಗ್ ಉಬ್ಬಲು ಜಾಗ ಬೇಕು. ಹೆಡ್‌ರೆಸ್ಟ್‌ನ ತುದಿ ನೆತ್ತಿಯ ಮಟ್ಟಕ್ಕಿರಲಿ, ಕುತ್ತಿಗೆಯ ಮಟ್ಟಕ್ಕಲ್ಲ. ಕನ್ನಡಿಗಳನ್ನು ತಿರುಗಿಸಿಕೊಳ್ಳುವುದು ಇಷ್ಟೆಲ್ಲ ಆದ ಮೇಲೆ.