ಮನೆಯ ಯಜಮಾನರ ಹೆಸರು ಬರೆದ ಮೇಲೆ

ಕಳೆದ ಸಂಚಿಕೆಯಲ್ಲಿ ಆರೋಗ್ಯ, ಕುಟುಂಬ ಮತ್ತು ಆರ್ಥಿಕ ಅಸಮಾನತೆಯ ಕುರಿತು ನಾವು ಪ್ರಕಟಿಸಿದ ಲೇಖನ ಓದಿ ಗದಗ ಜಿಲ್ಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: “ಬಡವರಿಗೆ ಕಾಯಿಲೆ ಹೆಚ್ಚು, ಚಿಕಿತ್ಸೆ ಕಡಿಮೆ ಎಂದು ಹೇಳಲು ಸಂಶೋಧನೆ ಬೇಕೆ? ನಮ್ಮೂರಿನ ದನ ಕಾಯುವ ಹುಡುಗನೂ ಹೇಳುತ್ತಾನೆ. ಸಮಾಜಕಾರ್ಯ ಓದುವ ಮಕ್ಕಳು ವರ್ಷ ವರ್ಷವೂ ಫಾರಂ ಹಿಡಿದು ಬರುತ್ತಾರೆ, ಅದೇ ಪ್ರಶ್ನೆ ಕೇಳಿ ಹೋಗುತ್ತಾರೆ. ಬಡತನ ನೀಗಿದರೆ ಇದೆಲ್ಲ ತಾನಾಗಿ ನೀಗುತ್ತದೆ. ಅದು ಬಿಟ್ಟು ಗಂಡ ಹೆಂಡಿರ ನಡುವೆ ತಕ್ಕಡಿ ಹಿಡಿಯುವುದೇಕೆ?”

ಗುರುಗಳೇ,

ನಿಮ್ಮ ಸಿಟ್ಟಿನ ಅರ್ಧಭಾಗಕ್ಕೆ ನನ್ನ ಸಹಿಯೂ ಇದೆ ಎಂದುಕೊಳ್ಳಿ. ಫಾರಂ ತುಂಬಿಸಿಕೊಂಡು ಹೋದವರು ಮರಳಿ ಬಂದು ‘ನೀವು ಹೇಳಿದ್ದರಿಂದ ನಮಗೆ ಇದು ತಿಳಿಯಿತು’ ಎಂದು ಊರವರಿಗೆ ಹೇಳುವುದು ಅಪರೂಪ. ವರದಿ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಕನ್ನಡಕ್ಕೆ ಬಂದರೂ ಓದುವವರು ಉಸಿರು ಕಟ್ಟಿಕೊಳ್ಳಬೇಕಾದ ಭಾಷೆಯಲ್ಲಿ ಬರುತ್ತದೆ. ನಾವು ಪ್ರಕಟಿಸಿದ ಲೇಖನದಲ್ಲೇ ‘ಅಂತರ್‌ಕೌಟುಂಬಿಕ ಸಂಪನ್ಮೂಲ ಹಂಚಿಕೆ’ ಎಂಬ ಮಾತು ಏಳು ಸಲ ಬಂದಿದೆ. ಅದನ್ನು ತಿದ್ದದೆ ಬಿಟ್ಟ ತಪ್ಪು ನನ್ನದು. ‘ಮನೆಯೊಳಗೆ ಯಾರಿಗೆ ಎಷ್ಟು’ ಎಂದಿದ್ದರೆ ಸಾಕಿತ್ತು.

ಆದರೆ ಬಡತನ ನೀಗಿದರೆ ಎಲ್ಲ ನೀಗುತ್ತದೆ ಎಂಬ ಮಾತನ್ನು ಒಪ್ಪಲಾರೆ. ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಅದನ್ನು ಅಳೆದು ನೋಡಿದ್ದಾರೆ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳವನ್ನು ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಆಶಾ ಜಾರ್ಜ್ ಅಧ್ಯಯನಕ್ಕೆ ಆರಿಸಿಕೊಂಡರು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ವಿವರ ಕಲೆಹಾಕಿದರು. 2007ರಲ್ಲಿ ಪ್ರಕಟವಾದ ಅವರ ಪ್ರಬಂಧ ಕೈಗೆತ್ತಿಕೊಂಡದ್ದು ನೆಗಡಿ, ಜ್ವರವನ್ನಲ್ಲ, ಬಹುಕಾಲ ಕಾಡುವ ಕಾಯಿಲೆಗಳನ್ನು. ‘ಚಿಕಿತ್ಸೆ ಸಿಕ್ಕಿತೇ ಇಲ್ಲವೇ’ ಎಂದು ಒಂದೇ ಗೆರೆ ಎಳೆಯದೆ, ಔಷಧಿಯನ್ನು ಶುರುವೇ ಮಾಡದವರು, ಶುರುಮಾಡಿ ನಡುವೆ ಬಿಟ್ಟವರು, ಮುಂದುವರಿಸಿದವರು ಎಂದು ಜನರನ್ನು ಬೇರೆ ಬೇರೆಯಾಗಿ ನೋಡಿದರು. ಕುಟುಂಬಗಳಲ್ಲೂ ಅನುಕೂಲಸ್ಥರು, ಬಡವರು, ಕಡುಬಡವರು ಎಂದು ವಿಂಗಡಿಸಿದರು.

ಕಂಡದ್ದೇನು? ಚಿಕಿತ್ಸೆಯನ್ನು ಶುರುವೇ ಮಾಡದವರ ಸಾಲಿನಲ್ಲಿ ಹೆಂಗಸರು ಹೆಚ್ಚು. ಬಡವರ ಮನೆಯಲ್ಲಿ ಮಾತ್ರವಲ್ಲ, ಅನುಕೂಲಸ್ಥರ ಮನೆಯಲ್ಲೂ. ಬಡತನವೊಂದೇ ಕಾರಣವಾಗಿದ್ದರೆ ಅನುಕೂಲಸ್ಥರ ಮನೆಯ ಹೆಂಗಸು ಅಲ್ಲಿ ಯಾಕೆ ನಿಲ್ಲಬೇಕಿತ್ತು? ಇನ್ನು ಔಷಧಿಯನ್ನು ನಡುವೆ ಬಿಟ್ಟವರ ಲೆಕ್ಕ. ಇಲ್ಲಿ ದುಡ್ಡಿನ ಮುಗ್ಗಟ್ಟು ಕೆಲಸ ಮಾಡುತ್ತದೆ, ಆದರೆ ಎಲ್ಲರ ಮೇಲೂ ಒಂದೇ ಸಮನಾಗಿ ಅಲ್ಲ. ಬಡವರ ಮನೆಯಲ್ಲಿ ಖರ್ಚು ಹಿಡಿಯಬೇಕಾಗಿ ಬಂದಾಗ ಗಂಡಸರ ಔಷಧಿ ನಡೆಯಿತು, ಹೆಂಗಸರದ್ದು ನಿಂತಿತು. ಕಡುಬಡವರ ಮನೆಗೆ ಬಂದರೆ ಗಂಡಸರೂ ನಡುವೆ ಬಿಟ್ಟಿದ್ದರು, ಉಳಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. 

ದನ ಕಾಯುವ ಹುಡುಗ ಇದನ್ನು ಹೇಳುತ್ತಿರಲಿಲ್ಲ ಗುರುಗಳೇ. ಅವನ ಅವ್ವ ಹೇಳುತ್ತಿದ್ದಳೋ ಏನೋ, ಅವಳನ್ನು ಕೇಳಿದವರಿಲ್ಲ.

ಕೇಳುವ ಕ್ರಮದಲ್ಲೇ ತೊಡಕಿದೆ. ಸಮೀಕ್ಷೆಯ ಫಾರಂ ಬಹುತೇಕ ‘ಮನೆಯ ಯಜಮಾನರ ಹೆಸರು’ ಎಂಬಲ್ಲಿಂದ ಶುರುವಾಗುತ್ತದೆ. ಆ ಹೆಸರು ಬರೆದ ಮೇಲೆ ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರಿಸುವವರೂ ಅವರೇ. ‘ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ?’ ಎಂದರೆ ಅವರಿಗೆ ಥಟ್ಟನೆ ನೆನಪಾಗುವುದು ಆಸ್ಪತ್ರೆಯ ಬಿಲ್ಲು. ಬಿಲ್ಲಾಗದ ಕಾಯಿಲೆ ಅವರ ಲೆಕ್ಕದಲ್ಲಿ ಇರುವುದೇ ಇಲ್ಲ. ಒಳ್ಳೆಯ ಸಂಶೋಧಕಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಅವರೆಕಾಯಿ ಸುಲಿಯಲು ಕೈಕೊಟ್ಟು, ಅರ್ಧ ಗಂಟೆಯಾದ ಮೇಲೆ ‘ಸೊಂಟ ಹೇಗಿದೆ?’ ಎಂದು ಕೇಳುತ್ತಾಳೆ. ಸಮಾಜಕಾರ್ಯದ ತರಬೇತಿ ಎಂದರೆ, ನನ್ನ ಮಟ್ಟಿಗೆ, ಆ ಅರ್ಧ ಗಂಟೆ.

ನನ್ನ ಮನೆಯದನ್ನೇ ಹೇಳುತ್ತೇನೆ. ನಮ್ಮದು ಬಡ ಮನೆಯಲ್ಲ. ತಂದೆಗೆ ಸಂಬಳ, ಆಮೇಲೆ ಪಿಂಚಣಿ. ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಪಿಂಚಣಿ ಬಂದ ದಿನವೇ ತಂದೆಯ ಮಾತ್ರೆ ತಿಂಗಳಿಗಾಗುವಷ್ಟು ಬರುತ್ತಿತ್ತು, ಕಪಾಟಿನ ಮೇಲಿನ ಅರೆಯಲ್ಲಿ ಅದಕ್ಕೆ ಜಾಗ. ತಾಯಿಯದು ಸಾಸಿವೆ ಡಬ್ಬಿಯ ಹಿಂದೆ. ದಿನಕ್ಕೆರಡು ಎಂದು ಡಾಕ್ಟರು ಬರೆದಿದ್ದರೆ ಅವರು ದಿನ ಬಿಟ್ಟು ದಿನ ಒಂದು ನುಂಗುತ್ತಿದ್ದರು. ಕೆಲವೊಮ್ಮೆ ಅದನ್ನೂ ಅಡಕತ್ತರಿಯಲ್ಲಿ ಎರಡು ಮಾಡುತ್ತಿದ್ದರು. ‘ನನಗೇನಾಗಿದೆ, ಗಟ್ಟಿಯಾಗಿದ್ದೇನೆ’ ಎನ್ನುತ್ತಿದ್ದರು. ಕಡಿಮೆ ತೆಗೆದುಕೋ ಎಂದು ಯಾರೂ ಹೇಳಿರಲಿಲ್ಲ. ತಂದೆ ಕೆಟ್ಟವರಲ್ಲ, ಕೇಳಿದ್ದರೆ ಅಂದೇ ತರಿಸುತ್ತಿದ್ದರು. ತಾಯಿ ಕೇಳಲಿಲ್ಲ, ನಾವು ಡಬ್ಬಿಯ ಹಿಂದೆ ನೋಡಲಿಲ್ಲ. ಇಂಥ ಮನೆಗೆ ಫಾರಂ ಬಂದಿದ್ದರೆ ‘ಇಬ್ಬರಿಗೂ ಚಿಕಿತ್ಸೆ ನಡೆಯುತ್ತಿದೆ’ ಎಂದೇ ಬರೆಸುತ್ತಿದ್ದೆವು.

ಸರ್ಕಾರದ ಯೋಜನೆಗಳೂ ಕುಟುಂಬವನ್ನು ಒಂದು ಗಂಟು ಎಂದೇ ಎಣಿಸುತ್ತವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ದೊಡ್ಡ ಮೊತ್ತ, ಒಳ್ಳೆಯ ಯೋಜನೆ. ಆದರೆ ಆ ಗಂಟು ಬಿಚ್ಚಬೇಕಾದರೆ ಯಾರಾದರೂ ಮೊದಲು ‘ಇವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ’ ಎನ್ನಬೇಕು. ಹೊಲ, ದನ, ಕೂಸು, ಒಲೆ ನೋಡಿಕೊಳ್ಳಲು ಬೇರೆ ಯಾರಾದರೂ ಇರಬೇಕು. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 97 ನಿಮಿಷ, ಅದೂ ಮಾಡುವವರ ಲೆಕ್ಕ ಮಾತ್ರ. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ಹೊತ್ತು ಮತ್ತು ಆ 299 ನಿಮಿಷಗಳ ಹೊತ್ತು ಒಂದರ ಮೇಲೊಂದು ಬೀಳುತ್ತವೆ. ಬಸ್ಸು ಈಗ ಹೆಂಗಸರಿಗೆ ಉಚಿತ, ಹೊತ್ತು ಉಚಿತವಲ್ಲ.

ಕಾಗದದ ಮಟ್ಟಿಗೆ ಒಂದು ಬದಲಾವಣೆ ಆಗಿದೆ, ಹೇಳದಿದ್ದರೆ ಅನ್ಯಾಯವಾದೀತು. 2013ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆ ಎಂದಿತು. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ‘ಯಜಮಾನಿ’ಯ ಖಾತೆಗೇ ಹೋಗುತ್ತಿದೆ. ಆ ದುಡ್ಡು ಅವಳ ಮಾತ್ರೆಗೆ ಹೋಗುತ್ತದೋ ಮಗನ ಫೀಸಿಗೆ ಹೋಗುತ್ತದೋ ಎಂಬುದನ್ನು ಮನೆ ಮನೆಗೆ ಹೋಗಿ, ಅವಳನ್ನೇ ಕೇಳಿ ತಿಳಿಯಬೇಕು. ಅಂದರೆ ಮತ್ತೆ ಫಾರಂ ಹಿಡಿದ ಮಕ್ಕಳು ನಿಮ್ಮ ಬಾಗಿಲಿಗೆ ಬರುತ್ತಾರೆ. ದಯವಿಟ್ಟು ಬೈದು ಕಳಿಸಬೇಡಿ. ‘ಫಲಿತಾಂಶ ಹೇಳಲು ಯಾವಾಗ ಬರುತ್ತೀರಿ?’ ಎಂದು ಗದರಿಸಿ ಕೇಳಿ, ಅದು ನಿಮ್ಮ ಹಕ್ಕು.

ಕೊನೆಗೆ ನಿಮ್ಮ ಪತ್ರದ ಮೂರನೆಯ ಪುಟ. ‘ಮನೆಯಲ್ಲಿ ಭೇದ ಎಲ್ಲಿದೆ’ ಎಂದು ವಾದಿಸುವ ಭರದಲ್ಲಿ ಎರಡು ಸಂಗತಿ ಬರೆದಿದ್ದೀರಿ. ಎದೆನೋವು ಕಾಣಿಸಿಕೊಂಡ ದಿನವೇ ಮಕ್ಕಳು ನಿಮ್ಮನ್ನು ಹುಬ್ಬಳ್ಳಿಗೆ ಕರೆದೊಯ್ದರು, ಸ್ಟೆಂಟ್ ಹಾಕಿಸಿದರು. ನಿಮ್ಮ ಮನೆಯವರಿಗೆ ಆರು ವರ್ಷದಿಂದ ಮೊಣಕಾಲು ನೋವು, ‘ಆಕೆಗೆ ಆಸ್ಪತ್ರೆ ಎಂದರೆ ಆಗುವುದಿಲ್ಲ, ಎಣ್ಣೆ ತಿಕ್ಕಿಕೊಳ್ಳುತ್ತಾಳೆ, ಅದು ಆಕೆಯ ಸ್ವಭಾವ’. ಎದೆನೋವಿಗೂ ಮೊಣಕಾಲಿಗೂ ಹೋಲಿಕೆ ಇಲ್ಲ, ಗೊತ್ತು. ಆದರೂ ಸ್ವಭಾವ ಎಂಬ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ನನ್ನ ತಾಯಿಯ ಬಗ್ಗೆ ನಾವೂ ಅದನ್ನೇ ಹೇಳುತ್ತಿದ್ದೆವು.

ಚಂದಾ ನಿಲ್ಲಿಸುವುದಾಗಿ ಬರೆದಿದ್ದೀರಿ, ನಿಮ್ಮ ಇಷ್ಟ. ಈ ಸಂಚಿಕೆಯನ್ನಂತೂ ಕಳಿಸುತ್ತಿದ್ದೇನೆ, ಲಕೋಟೆಯ ಮೇಲೆ ನಿಮ್ಮ ಮನೆಯವರ ಹೆಸರು ಬರೆದು. ಅವರಿಗೇನಾದರೂ ಹೇಳುವುದಿದ್ದರೆ ಇದೇ ಪುಟದಲ್ಲಿ ಜಾಗ ಬಿಟ್ಟಿರುತ್ತೇನೆ.

– ಸಂಪಾದಕ