ಹದಿನೆಂಟು ಪುಟ ಯಾಕೆ ಹೊಂದುವುದಿಲ್ಲ?

ಪ್ರಶ್ನೆ: ಬೇಲೂರು, ಹಳೇಬೀಡಿನ ಶಿಲ್ಪಗಳ ಬಗ್ಗೆ ಕಾಲೇಜು ಪ್ರಾಜೆಕ್ಟಿಗೆ ರಕ್ಷಾಪುಟ ಸೇರಿ 18 ಪುಟಗಳ ಎ5 ಪುಸ್ತಿಕೆ ಮಾಡಿದ್ದೇನೆ. ಪ್ರೆಸ್‌ನವರು ಪುಟ ಹೊಂದುವುದಿಲ್ಲ ಎಂದರು. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳೂ ಒಡೆದಿವೆ.
– ವಿದ್ಯಾರ್ಥಿನಿ, ಹಾಸನ

ಉತ್ತರ: ನಡುವೆ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಒಂದು ಎ4 ಹಾಳೆ ಮಡಿಸಿದರೆ 4 ಪುಟ. ಹಾಗಾಗಿ 16 ಇಲ್ಲವೇ 20 ಆಗಬೇಕು. 20 ಮಾಡಿ, ಮದನಿಕೆಯರ ಕುಸುರಿಗೆ ಇಡೀ ಪುಟ ಕೊಡಬಹುದು, ಅದು ಸಣ್ಣ ಚಿತ್ರದಲ್ಲಿ ಕಾಣುವಂಥದ್ದಲ್ಲ. ಹೊರಹಾಳೆಯ ಒಂದು ಮಗ್ಗುಲಲ್ಲಿ 20 ಮತ್ತು 1, ಹಿಂಬದಿಯಲ್ಲಿ 2 ಮತ್ತು 19 ಬರುತ್ತವೆ. ಐದು ಖಾಲಿ ಹಾಳೆ ಮಡಿಸಿ, ಪುಟಸಂಖ್ಯೆ ಬರೆದು ಮೊದಲು ಡಮ್ಮಿ ಮಾಡಿಕೊಳ್ಳಿ. ಅಂಚು ಮುಟ್ಟುವ ಫೋಟೊ 3 ಮಿ.ಮೀ. ಹೊರಚಾಚಿರಲಿ, ಇಲ್ಲದಿದ್ದರೆ ಕಟಿಂಗ್ ತುಸು ಸರಿದರೂ ಬಿಳಿ ಗೆರೆ ಉಳಿಯುತ್ತದೆ. ಒತ್ತಕ್ಷರಕ್ಕೆ ಯೂನಿಕೋಡ್ ಫಾಂಟ್ ಜೊತೆ ಇನ್‌ಡಿಸೈನ್‌ನಲ್ಲಿ ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಆರಿಸಿ.