ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರಕಟಣೆಯಲ್ಲಿ ಸುದ್ದಿ ಎಲ್ಲಿದೆ?

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಸಣ್ಣ ಘಟಕ ನಡೆಸುತ್ತಿದ್ದೇನೆ. ಘಟಕಕ್ಕೆ ಹತ್ತು ವರ್ಷ ತುಂಬಿದಾಗ ಎರಡು ಪುಟಗಳ ಪತ್ರಿಕಾ ಪ್ರಕಟಣೆ ಬರೆದು, ಅದರ ಫೋಟೊ ತೆಗೆದು ವರದಿಗಾರರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಒಂದು ಸಾಲೂ ಅಚ್ಚಾಗಲಿಲ್ಲ. ಪ್ರತಿಯನ್ನು ಲಗತ್ತಿಸಿದ್ದೇನೆ.
– ಓದುಗರು, ಬಳ್ಳಾರಿ

ಉತ್ತರ: ನಿಮ್ಮ ಪ್ರಕಟಣೆಯ ಮೊದಲ ಪುಟವೆಲ್ಲ ‘ಹೆಸರಾಂತ’, ‘ಗ್ರಾಹಕರ ಮನಗೆದ್ದ’ ಎಂಬ ವಿಶೇಷಣಗಳಿಂದಲೂ ವೇದಿಕೆಯ ಮೇಲಿದ್ದ ಅತಿಥಿಗಳ ಹೆಸರುಗಳಿಂದಲೂ ತುಂಬಿಹೋಗಿದೆ. ಎರಡನೆಯ ಪುಟದ ಕೊನೆಯಲ್ಲಿ, ಬಹುಶಃ ನಿಮಗೇ ಅಷ್ಟು ಮುಖ್ಯವೆನಿಸದೆ, ಮುಂದಿನ ತಿಂಗಳಿನಿಂದ 20 ಮಹಿಳೆಯರಿಗೆ ಉಚಿತವಾಗಿ ಹೊಲಿಗೆ ಕಲಿಸುವ ಮಾತು ಬರುತ್ತದೆ. ಸುದ್ದಿ ಇರುವುದೇ ಅಲ್ಲಿ. ಹತ್ತು ವರ್ಷ ತುಂಬಿದ್ದು ನಿಮ್ಮ ಮನೆಯ ಸಂಭ್ರಮ. ತರಬೇತಿಯಾದರೋ ಕೌಲ್‌ಬಜಾರಿನಲ್ಲೋ ಮೋಕಾದಲ್ಲೋ ಕೆಲಸ ಹುಡುಕುತ್ತಿರುವವರಿಗೆ ಬೇಕಾದ ವಿಷಯ.

ಆದ್ದರಿಂದ ಮೊದಲ ವಾಕ್ಯ ಹೀಗಿರಲಿ: ‘ಬಳ್ಳಾರಿಯ ಜೀನ್ಸ್ ಘಟಕವೊಂದು ಮುಂದಿನ ತಿಂಗಳಿನಿಂದ 20 ಮಹಿಳೆಯರಿಗೆ ಉಚಿತ ಹೊಲಿಗೆ ತರಬೇತಿ ನೀಡಲಿದೆ.’ ಯಾರು ಅರ್ಜಿ ಸಲ್ಲಿಸಬಹುದು, ಎಲ್ಲಿ, ಯಾವ ದಿನಾಂಕದೊಳಗೆ ಎಂಬುದು ಎರಡನೆಯ ವಾಕ್ಯದಲ್ಲಿ ಬರಲಿ. ದಶಮಾನೋತ್ಸವ ಕೊನೆಯ ಪ್ಯಾರಾಕ್ಕೆ ಸರಿಯಲಿ. ಏಕೆಂದರೆ ಜಾಗ ಸಾಲದಾದಾಗ ಉಪಸಂಪಾದಕರ ಕತ್ತರಿ ಕೆಳಗಿನಿಂದಲೇ ಮೇಲಕ್ಕೆ ಬರುತ್ತದೆ. ನಿಮ್ಮ ಹೇಳಿಕೆಯೂ ಒಂದಿರಲಿ, ಆದರೆ ‘ಹರ್ಷವಾಗುತ್ತಿದೆ’ ಎಂಬುದು ಹೇಳಿಕೆಯಲ್ಲ. ತರಬೇತಿ ಪಡೆದವರಲ್ಲಿ ಎಷ್ಟು ಮಂದಿಗೆ ನಿಮ್ಮಲ್ಲೇ ಕೆಲಸ ಕೊಡಬಲ್ಲಿರಿ ಎಂದು ಹೇಳಿದರೆ ವರದಿಗಾರರು ಅದನ್ನು ಬಿಡುವುದಿಲ್ಲ.

ಇನ್ನು, ಫೋಟೊ ತೆಗೆದು ಕಳಿಸಿದ ಕಾಗದವನ್ನು ಯಾರಾದರೂ ಮತ್ತೆ ಕೀಲಿಸಬೇಕಾಗುತ್ತದೆ. ಸಂಜೆಯ ಗಡುವಿನಲ್ಲಿ ಆ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ, ಅದು ನ್ಯಾಯವೇ. ಪಠ್ಯವನ್ನು ಯೂನಿಕೋಡ್‌ನಲ್ಲಿ, ಒಂದು ಪುಟಕ್ಕೆ ಮೀರದಂತೆ, ಮಧ್ಯಾಹ್ನದೊಳಗೆ ಕಳಿಸಿರಿ. ಚಿತ್ರವನ್ನು ಪ್ರತ್ಯೇಕವಾಗಿಟ್ಟು, ಅದರಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಿರಿ. ಕರೆ ಮಾಡಿದರೆ ಎತ್ತುವ ಸಂಖ್ಯೆಯನ್ನೇ ಕೊಡಿರಿ.

ಪ್ರಶ್ನೆ: ರಾಯಚೂರಿನಲ್ಲಿ ಸ್ವತಂತ್ರವಾಗಿ ಬರವಣಿಗೆಯ ಕೆಲಸ ಮಾಡುತ್ತೇನೆ. ಸಿರಿಧಾನ್ಯದ ಹಿಟ್ಟು ತಯಾರಿಸುವ ಒಬ್ಬರು ‘ಸುದ್ದಿ ಬಂದರೆ ಮಾತ್ರ ಹಣ’ ಎನ್ನುತ್ತಾರೆ. ಜೊತೆಗೆ, ಹಿಟ್ಟು ಸಕ್ಕರೆ ಕಾಯಿಲೆಯನ್ನು ವಾಸಿಮಾಡುತ್ತದೆ ಎಂದು ಬರೆಯಲು ಹೇಳುತ್ತಾರೆ.
– ಓದುಗರು, ರಾಯಚೂರು

ಉತ್ತರ: ಎರಡನೆಯದನ್ನು ಖಂಡಿತ ಬರೆಯಬೇಡಿರಿ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯು ಗುಣಪಡಿಸುವ ಭರವಸೆ ನೀಡಬಾರದೆಂದು ಪಟ್ಟಿಮಾಡಿರುವ ಕಾಯಿಲೆಗಳಲ್ಲಿ ಸಕ್ಕರೆ ಕಾಯಿಲೆಯೂ ಇದೆ; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಿಟ್ಟಿನಲ್ಲಿ ಯಾವ ಧಾನ್ಯ ಎಷ್ಟು ಪಾಲಿದೆ, ಅದನ್ನು ಯಾವ ಊರಿನ ರೈತರಿಂದ ಕೊಳ್ಳಲಾಗುತ್ತದೆ ಎಂಬುದನ್ನು ಬರೆಯಿರಿ. ಓದುಗರಿಗೆ ಅದೇ ಹೆಚ್ಚು ಉಪಯುಕ್ತ.

ಹಣದ ವಿಷಯದಲ್ಲಿ ನಿಮ್ಮ ಕೈಯಲ್ಲಿರುವುದು ಬರವಣಿಗೆ ಮಾತ್ರ. ಅಚ್ಚಾಗುವುದು ಸಂಪಾದಕರ ಕೈಯಲ್ಲಿದೆ. ಅಚ್ಚಾಗುವುದಕ್ಕೆ ಸಂಭಾವನೆಯನ್ನು ಗಂಟುಹಾಕಿದವರು ಕ್ರಮೇಣ ವರದಿಗಾರರ ಕಾಲು ಹಿಡಿಯಲು, ಬಳಿಕ ಕೈ ಬಿಸಿಮಾಡಲು ಇಳಿಯುತ್ತಾರೆ. ಅರ್ಧ ಮುಂಗಡ, ಉಳಿದರ್ಧ ಕರಡಿಗೆ ಲಿಖಿತ ಒಪ್ಪಿಗೆ ಸಿಕ್ಕ ದಿನ, ತಿದ್ದುಪಡಿ ಎರಡು ಸುತ್ತು ಎಂದು ಮೊದಲೇ ಬರೆದುಕೊಳ್ಳಿರಿ.

ಪ್ರಶ್ನೆ: ಕಿನ್ನಾಳದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಒಂದು ಕಂತಿನ ಗೊಂಬೆಗಳ ಬಣ್ಣ ಎದ್ದಿದೆ ಎಂದು ದೂರುಗಳು ಬಂದಿವೆ. ಸುಮ್ಮನಿರುವುದು ಲೇಸೇ?
– ಓದುಗರು, ಕೊಪ್ಪಳ

ಉತ್ತರ: ಅಲ್ಲ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಮಂದಿ ಸತ್ತಾಗ, ರೈಲು ಕಂಪನಿಯ ಪರವಾಗಿ ಐವಿ ಲೀ ಎಂಬವರು ನಡೆದ ಸಂಗತಿಯನ್ನು ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಮೊದಲ ಪತ್ರಿಕಾ ಪ್ರಕಟಣೆಯೆಂದು ಸಾಮಾನ್ಯವಾಗಿ ಅದನ್ನೇ ಹೆಸರಿಸುತ್ತಾರೆ. ಅಂದರೆ ಈ ಬರವಣಿಗೆ ಹುಟ್ಟಿದ್ದೇ ಕೆಟ್ಟ ಸುದ್ದಿಗಾಗಿ. ಯಾವ ತಿಂಗಳು ಕಳಿಸಿದ ಗೊಂಬೆಗಳು, ಕಾರಣ ತಿಳಿದಿದ್ದರೆ ಏನು, ಹಣ ಮರಳಿಸುವಿರೋ ಬೇರೆ ಗೊಂಬೆ ಕೊಡುವಿರೋ, ಎಷ್ಟು ದಿನದೊಳಗೆ ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆದು ಪ್ರತಿ ಗ್ರಾಹಕರಿಗೂ ಕಳಿಸಿರಿ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು ದೊರೆತಿರುವುದರಿಂದ ಆ ಹೆಸರು ನಿಮ್ಮೊಬ್ಬರದಲ್ಲ. ಹೀಗಾಗಿ ದೋಷ ನಿಮ್ಮ ಈ ಕಂತಿನದು ಮಾತ್ರವೆಂದು ಸ್ಪಷ್ಟವಾಗಿ ಬರೆಯಿರಿ, ‘ಸಾಗಣೆಯವರ ತಪ್ಪು’ ಎಂಬುದನ್ನು ಸಾಬೀತಾಗದ ಹೊರತು ಸೇರಿಸಬೇಡಿರಿ.